ಗುಣ ಎಂಬ ಎಳೆ

‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುವ ನಾಲಿಗೆಯೇ ‘ದೇವರ ದಯೆ, ಜ್ವರ ಗುಣವಾಯಿತು’ ಎಂದೂ ಹೇಳುತ್ತದೆ. ಮೊದಲ ಮಾತಿನಲ್ಲಿ ಗುಣವೆಂದರೆ ಬೆಂಕಿಗೂ ಜಗ್ಗದೆ ಉಳಿಯುವಂಥದ್ದು. ಎರಡನೆಯದರಲ್ಲಿ ಗುಣವೆಂದರೆ ವಾಸಿ, ಅಂದರೆ ಮೈಗೆ ಅಂಟಿದ್ದು ಬಿಟ್ಟುಹೋಗುವುದು. ಶಾಲೆಯ ಒಂದು ಕೋಣೆಯಲ್ಲಿ ಗಣಿತದ ಮೇಷ್ಟ್ರು ಅದೇ ಪದ ಹಿಡಿದು ಗುಣಾಕಾರ ಕಲಿಸುತ್ತಾರೆ, ಪಕ್ಕದ ಕೋಣೆಯಲ್ಲಿ ಕನ್ನಡ ಮೇಷ್ಟ್ರು ಗುಣಸಂಧಿ ಹೇಳಿಕೊಡುತ್ತಾರೆ. ಮದುವೆಯ ಮಾತುಕತೆ ನಡೆದ ಮನೆಯಲ್ಲಿ ಜೋಯಿಸರು ಎರಡು ಜಾತಕ ಮುಂದಿಟ್ಟುಕೊಂಡು 36ರಲ್ಲಿ ಎಷ್ಟು ಗುಣ ಕೂಡಿತೆಂದು ಎಣಿಸುತ್ತಾರೆ. ಎರಡೇ ಅಕ್ಷರದ ಒಂದು ಪದ ಇಷ್ಟೆಲ್ಲ ಕಸುಬಿಗೆ ಹೇಗೆ ಒದಗಿತು?

ಇದನ್ನು ಕೆದಕಲು ನನಗೆ ನಿಘಂಟಿನ ಪ್ರೀತಿಯಷ್ಟೇ ಕಾರಣವಲ್ಲ. ಮಗು ಹಟ ಹಿಡಿದರೆ ‘ಅಪ್ಪನ ಗುಣ’, ಹುಡುಗಿ ದನಿ ಎತ್ತಿದರೆ ‘ಅಜ್ಜಿಯ ಗುಣ’ ಎಂದು ಮಾತು ಮುಗಿಸುವುದು ನಮ್ಮ ಮನೆಗಳ ರೂಢಿ. ಇತ್ತೀಚೆಗೆ ಆ ಜಾಗಕ್ಕೆ ‘ಜೀನ್ಸ್‌ನಲ್ಲೇ ಬಂದಿದೆ’, ‘ಎಲ್ಲ ಹಾರ್ಮೋನಿನ ಆಟ’ ಎಂಬ ಮಾತುಗಳು ಬಂದು ಕೂತಿವೆ. ಪದ ಹೊಸದು, ತೀರ್ಪು ಹಳೆಯದು. ಜೀವವಿಜ್ಞಾನ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಕಂಡುಕೊಂಡದ್ದು ಈ ತೀರ್ಪಿಗೆ ಒಪ್ಪುವುದಿಲ್ಲ. ಅದು ಒಪ್ಪುವ ಅರ್ಥವೊಂದು ‘ಗುಣ’ ಎಂಬ ಪದದ ತಳದಲ್ಲೇ ಇದೆ. ನಾವು ಅದನ್ನು ಮರೆತಿದ್ದೇವೆ.

ಸಂಸ್ಕೃತದಲ್ಲಿ ಗುಣ ಎಂದರೆ ಎಳೆ. ಹಗ್ಗದಲ್ಲಿ ಹೊಸೆದುಕೊಂಡಿರುವ ಒಂದೊಂದು ಎಳೆಯೂ ಒಂದು ಗುಣ. ಹಾಗೆಯೇ ದಾರ, ಹಗ್ಗ, ಬಿಲ್ಲಿನ ಹೆದೆ. ಅಮರಕೋಶ ಹೆದೆಯ ಹೆಸರುಗಳನ್ನು ಸಾಲಾಗಿ ಹೇಳುವಾಗ ಮೌರ್ವಿ, ಜ್ಯಾ, ಶಿಂಜಿನಿಗಳ ಜೊತೆ ಗುಣವನ್ನೂ ಎಣಿಸುತ್ತದೆ. ಬಿಲ್ಲಿಗೂ ಬಿಲ್ಲಾಳಿಗೂ ಗುಣವಿದೆ ಎಂದು ಶ್ಲೇಷೆ ಕಟ್ಟಲು ಕವಿಗಳಿಗೆ ಇದು ಎಷ್ಟು ಅನುಕೂಲವಾಗಿತ್ತೆಂಬುದು ಹಳೆಯ ಕಾವ್ಯ ಓದಿದವರಿಗೆ ಗೊತ್ತು.

ಎಳೆಯಿಂದ ಲೆಕ್ಕಕ್ಕೆ ದಾರಿ ಹತ್ತಿರ. ಎರಡು ಎಳೆಯ ಹಗ್ಗ ದ್ವಿಗುಣ, ಮೂರೆಳೆಯದು ತ್ರಿಗುಣ. ಎರಡೆಳೆಯದ್ದು ಎಂಬ ಮಾತೇ ಎರಡರಷ್ಟು ಎಂಬುದಕ್ಕೂ ನಿಂತಿತು. ಕನ್ನಡ ತನ್ನ ಬೇರಿನಿಂದಲೇ ಇದೇ ದಾರಿ ಹಿಡಿದದ್ದನ್ನು ನೋಡಿ: ಮಡಿಸಿದ ಬಟ್ಟೆಯ ಮಡಿಯಿಂದ ಇಮ್ಮಡಿ, ಮುಮ್ಮಡಿ, ನೂರ್ಮಡಿ. ಒಬ್ಬರು ಹಗ್ಗ ಹೊಸೆಯುತ್ತ ಗುಣಿಸುವುದನ್ನು ಕಂಡುಕೊಂಡರು, ಇನ್ನೊಬ್ಬರು ಬಟ್ಟೆ ಮಡಿಸುತ್ತ. ಗುಣ್ಯ, ಗುಣಕ, ಗುಣಲಬ್ಧ, ಗುಣಾಂಕ ಎಲ್ಲವೂ ಆ ಒಂದು ಎಳೆಯ ಸಂತಾನ.

ಈ ಪದದ ಬಾಳಿನ ಒಂದು ಒಳ್ಳೆಯ ಕಾಲ ನಮ್ಮ ನೆಲದಲ್ಲೇ ಕಳೆದಿದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ರಾಜಧಾನಿಯಾಗಿದ್ದಾಗ, ‘ಕವಿರಾಜಮಾರ್ಗ’ ಕಾವ್ಯದ ಗುಣ ಯಾವುದು ದೋಷ ಯಾವುದು ಎಂದು ವಿಂಗಡಿಸುತ್ತಿತ್ತು. ಅದೇ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದು, ಹೆಜ್ಜೆಹೆಜ್ಜೆಗೂ ಒಂದೇ ಸಂಖ್ಯೆಯಿಂದ ಗುಣಿಸುತ್ತ ಹೋಗುವ ಶ್ರೇಢಿಯ ಮೊತ್ತಕ್ಕೆ ಗುಣಸಂಕಲಿತ ಎಂದು ಹೆಸರಿಟ್ಟ. ಒಬ್ಬನೇ ದೊರೆಯ ಕಾಲದಲ್ಲಿ ಪದ್ಯದ ಚೆಲುವಿಗೂ ಲೆಕ್ಕದ ಬೆಳವಣಿಗೆಗೂ ಒಂದೇ ಮಾತು ನಡೆಯುತ್ತಿತ್ತು, ಯಾರಿಗೂ ಗೊಂದಲವಾಗಲಿಲ್ಲ. ವ್ಯಾಕರಣದಲ್ಲಿ ಪಾಣಿನಿ ಅ, ಏ, ಓ ಸ್ವರಗಳಿಗೆ ಕೊಟ್ಟ ಗುಣ ಎಂಬ ಹೆಸರು ಪಾರಿಭಾಷಿಕ. ನಮ್ಮ ಗುಣಸಂಧಿ ಬಂದದ್ದು ಅಲ್ಲಿಂದ.

ಮನುಷ್ಯನ ಸ್ವಭಾವಕ್ಕೆ ಈ ಪದವನ್ನು ಗಟ್ಟಿಯಾಗಿ ಹೊಸೆದದ್ದು ಸಾಂಖ್ಯ. ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣ ಸೇರಿ ಪ್ರಕೃತಿ. ಇವನ್ನು ಗುಣ ಎಂದೇಕೆ ಕರೆದರು ಎಂಬ ಪ್ರಶ್ನೆಗೆ ವ್ಯಾಖ್ಯಾನಕಾರರಲ್ಲಿ ಒಂದು ಉತ್ತರ ಹೀಗಿದೆ: ಹಗ್ಗದ ಎಳೆಗಳು ಪಶುವನ್ನು ಕಟ್ಟುವ ಹಾಗೆ ಇವು ಪುರುಷನನ್ನು, ಅಂದರೆ ಆತ್ಮವನ್ನು, ಕಟ್ಟುತ್ತವೆ. ಮುಖ್ಯವಾದ ಸಂಗತಿ, ಸಾಂಖ್ಯದಲ್ಲಿ ಯಾರೊಬ್ಬನೂ ಒಂದೇ ಗುಣದಿಂದ ಆದವನಲ್ಲ. ಮೂರೂ ಎಲ್ಲರಲ್ಲಿವೆ, ಒಂದನ್ನೊಂದು ಒತ್ತುತ್ತ ಒಂದಕ್ಕೊಂದು ಆಧಾರವಾಗುತ್ತ ಸದಾ ಏರಿಳಿಯುತ್ತಿರುತ್ತವೆ. ‘ಅವನು ತಾಮಸಿ’ ಎಂದು ಹಣೆಪಟ್ಟಿ ಕಟ್ಟುವ ನಮ್ಮ ಆಡುಮಾತು ಆ ಏರಿಳಿತವನ್ನು ಕೈಬಿಟ್ಟಿತು. ಹುರಿಯಲ್ಲಿದ್ದ ಎಳೆಯನ್ನು ಎಳೆದು ತೆಗೆದು ಮುದ್ರೆಯಾಗಿ ಒತ್ತಿತು.

ವೈದ್ಯರು ಅಷ್ಟು ಆತುರಪಡಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನ ಒಬ್ಬರ ದೇಹಪ್ರಕೃತಿ ಯಾವುದರಿಂದ ತೀರ್ಮಾನವಾಗುತ್ತದೆಂದು ಹೇಳುವಾಗ ತಂದೆತಾಯಿಯ ಶುಕ್ರಶೋಣಿತಗಳನ್ನು ಹೇಳಿ ನಿಲ್ಲುವುದಿಲ್ಲ. ಕಾಲವನ್ನು ಸೇರಿಸುತ್ತದೆ, ಗರ್ಭಾಶಯವನ್ನು ಸೇರಿಸುತ್ತದೆ, ಬಸುರಿಯ ಊಟ ನಡವಳಿಕೆಗಳನ್ನು ಸೇರಿಸುತ್ತದೆ. ಎಲ್ಲ ವಿವರಗಳಲ್ಲಿ ಚರಕ ಇವತ್ತಿಗೆ ಒಪ್ಪಿಗೆಯಾಗುತ್ತಾನೆಂದು ನಾನು ಹೇಳುತ್ತಿಲ್ಲ. ಬೀಜ ಒಂದನ್ನೇ ನೆಚ್ಚದೆ, ಅದು ಬೆಳೆದ ಹೊಲವನ್ನೂ ಹುಟ್ಟಿನ ಲೆಕ್ಕಕ್ಕೇ ಹಿಡಿದ ಎಚ್ಚರ ದೊಡ್ಡದು ಎನ್ನುತ್ತಿದ್ದೇನೆ.

ಸಾವಿರಾರು ಮೈಲಿ ಆಚೆ ಇನ್ನೊಂದು ಎಳೆ ಸಿಕ್ಕಿತು. ಜರ್ಮನಿಯ ವಾಲ್ಥರ್ ಫ್ಲೆಮಿಂಗ್ ಜೀವಕೋಶಗಳಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ನೋಡಿದಾಗ, ಕೋಶ ಒಡೆಯುವ ಹೊತ್ತಿಗೆ ಒಳಗೆ ದಾರದಂಥ ತುಣುಕುಗಳು ಕಂಡವು. 1882ರ ಹೊತ್ತಿಗೆ ಆ ವಿಭಜನೆಯನ್ನು ಅವನು ಕರೆದದ್ದು ಮೈಟೋಸಿಸ್ ಎಂದು. ಗ್ರೀಕಿನಲ್ಲಿ ಮಿಟೋಸ್ ಎಂದರೆ ದಾರ. ಆ ತುಣುಕುಗಳಿಗೆ 1888ರಲ್ಲಿ ಕ್ರೋಮೋಸೋಮ್ ಎಂಬ ಹೆಸರು ಬಂತು, ಕನ್ನಡದಲ್ಲಿ ವರ್ಣತಂತು ಆಯಿತು. ಹಿಂದಿ, ಮರಾಠಿಗಳು ಅದನ್ನು ಗುಣಸೂತ್ರ ಎಂದವು. ಆ ಹೆಸರಿನ ಎರಡು ಭಾಗವೂ ದಾರವೇ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದ ನಮ್ಮ ಹಿರಿಯರಿಗೂ ವಂಶವೆಂದರೆ ನೂಲೇ ನೆನಪಾಗಿತ್ತು.

1909ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸೆನ್ ‘ಜೀನ್’ ಎಂಬ ಮಾತನ್ನು ಚಲಾವಣೆಗೆ ತಂದ. ಅವನ ಕೆಲಸ ಹುರುಳಿಕಾಯಿಯ ಬೀಜಗಳ ಮೇಲೆ. ಒಂದೇ ಶುದ್ಧ ತಳಿಯ ಬೀಜಗಳು, ಆನುವಂಶಿಕವಾಗಿ ಒಂದೇ ಆಗಿದ್ದರೂ, ತೂಕದಲ್ಲಿ ಒಂದಕ್ಕಿಂತ ಒಂದು ಬೇರೆ. ದಪ್ಪ ಬೀಜ ಬಿತ್ತಿದರೂ ಸಣ್ಣ ಬೀಜ ಬಿತ್ತಿದರೂ ಮುಂದಿನ ಬೆಳೆಯ ಸರಾಸರಿ ಒಂದೇ. ಆದ್ದರಿಂದ ಅವನು ಎರಡು ಮಾತು ಬೇರ್ಪಡಿಸಿದ: ಒಳಗಿರುವುದು ಜೀನೋಟೈಪ್, ಹೊರಗೆ ಕಾಣುವುದು ಫೀನೋಟೈಪ್. ಜೀನ್ ಎಂಬುದಕ್ಕೆ ಕನ್ನಡದಲ್ಲಿ ವಂಶವಾಹಿ ನೆಲೆಯಾಯಿತು, ಗುಣಾಣು ಎಂದವರೂ ಇದ್ದಾರೆ. ಗುಣಾಣು ಕೇಳಲು ಸೊಗಸು. ಆದರೆ ಒಂದು ಅಣುವಿನಲ್ಲಿ ಒಂದು ಗುಣ ಕೂತಿದೆಯೇನೋ ಎಂಬ ಭ್ರಮೆ ಅದರಲ್ಲಿದೆ, ಯೊಹಾನ್ಸೆನ್ ತಪ್ಪಿಸಲು ಹೆಣಗಿದ್ದೂ ಅದನ್ನೇ.

ಆ ಭ್ರಮೆ ಬೆಳೆದು ಏನೇನು ಮಾಡಿತು! ಅಮೆರಿಕದ ಚಾರ್ಲ್ಸ್ ಡೇವನ್‌ಪೋರ್ಟ್ 1910ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ವಂಶವೃಕ್ಷಗಳನ್ನು ಸಂಗ್ರಹಿಸುವ ಕಚೇರಿ ತೆರೆದ. ನೌಕಾದಳದ ಅಧಿಕಾರಿಗಳ ಕುಟುಂಬಗಳನ್ನು ನೋಡಿ 1919ರಲ್ಲಿ ಪುಸ್ತಕವನ್ನೇ ಬರೆದು, ಕಡಲಿನ ಹಂಬಲ ಒಂದು ಆನುವಂಶಿಕ ಲಕ್ಷಣ, ಅದು ಗಂಡುಮಕ್ಕಳಲ್ಲಿ ಮಾತ್ರ ಪ್ರಕಟವಾಗುತ್ತದೆ ಎಂದ. ಹಡಗಿನ ಕೆಲಸಕ್ಕೆ ಹೆಂಗಸರನ್ನು ಸೇರಿಸಿಕೊಳ್ಳದ ಕಾಲವದು ಎಂಬುದು ಅವನ ಲೆಕ್ಕದಲ್ಲಿ ಬರಲೇ ಇಲ್ಲ. ಇದೇ ಚಿಂತನೆಯ ಬಲದಿಂದ ಬಂದ ಕಾನೂನುಗಳು ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನರ ಸಂತಾನಶಕ್ತಿಯನ್ನು ಕಿತ್ತುಕೊಂಡವು.

ನಮ್ಮಲ್ಲಿ ಆದದ್ದನ್ನೂ ಹೇಳಲೇಬೇಕು. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟುಗುಣವನ್ನೇ ಶಾಸನವಾಗಿ ಬರೆಯಿತು. ಇಂಥ ಜಾತಿಯಲ್ಲಿ ಹುಟ್ಟಿದರೆ ಸಾಕು, ಕೈ ಏನೂ ಮಾಡದಿದ್ದರೂ ನೀನು ಕಳ್ಳ. 1911ರಲ್ಲಿ ಅದು ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥ ಕುಟುಂಬಗಳನ್ನು ತಂದು ಕೂಡಿಹಾಕಿದ ವಸಾಹತುಗಳಿದ್ದವು. ಹುಬ್ಬಳ್ಳಿಯಲ್ಲಿ ಆ ಜಾಗವನ್ನು ಇವತ್ತಿಗೂ ‘ಸೆಟ್ಲಮೆಂಟ್’ ಎನ್ನುತ್ತಾರೆ. ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಬೇರೆ ಕಡೆ ಇಡುವ ಅಧಿಕಾರವೂ ಸರ್ಕಾರಕ್ಕಿತ್ತು. ರಕ್ತದಲ್ಲೇ ಕಳ್ಳತನವಿದೆ ಎಂದು ನಿಜವಾಗಿ ನಂಬಿದವರು ಮಕ್ಕಳನ್ನು ಬೇರೆಡೆ ಬೆಳೆಸಿ ತಿದ್ದಲು ಹೊರಡುವುದು ಹೇಗೆ? ಕಾಯ್ದೆಯ ಒಳಗೇ ಅದರ ಸುಳ್ಳು ಬಯಲಾಗಿತ್ತು. 1952ರ ಆಗಸ್ಟ್ 31ರಂದು ಆ ಪಟ್ಟಿ ರದ್ದಾಯಿತು. ಪಟ್ಟಿಯಿಂದ ಹೊರಬಂದ ಸಮುದಾಯಗಳಿಗೆ ಊರವರ ಬಾಯಿಂದ ಹೊರಬರಲು ಇನ್ನೂ ಆಗಿಲ್ಲ. ‘ಅವರ ಗುಣವೇ ಹಾಗೆ’ ಎಂಬ ಮಾತು ಎಲ್ಲಿ ಕಿವಿಗೆ ಬಿದ್ದರೂ ನನಗೆ ಈ ಹಾಜರಿ ಪುಸ್ತಕ ನೆನಪಾಗುತ್ತದೆ.

ಹಾಗಾದರೆ ಸ್ವಭಾವ ವಂಶದಲ್ಲಿ ಹರಿಯುವುದೇ ಇಲ್ಲವೇ? ಹರಿಯುತ್ತದೆ, ಅದನ್ನು ಅಲ್ಲಗಳೆದರೆ ಎದುರಿನ ಸುಳ್ಳಿಗೆ ಬಿದ್ದಂತೆ. 2015ರಲ್ಲಿ ಟಿಂಕಾ ಪೋಲ್ಡರ್‌ಮನ್ ಮತ್ತು ಸಂಗಡಿಗರು ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರು: 17,804 ಲಕ್ಷಣಗಳು, 1 ಕೋಟಿ 45 ಲಕ್ಷಕ್ಕೂ ಹೆಚ್ಚು ಅವಳಿ ಜೋಡಿಗಳು. ಆನುವಂಶಿಕತೆಯ ಸರಾಸರಿ ಶೇ. 49 ಬಂತು. ಇದನ್ನು ‘ನನ್ನ ಸಿಟ್ಟಿನಲ್ಲಿ ಅರ್ಧ ಅಪ್ಪ ಅಮ್ಮನದು, ಅರ್ಧ ನನ್ನದು’ ಎಂದು ಓದಬಾರದು. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲನ್ನು ವಂಶವಾಹಿಗಳ ವ್ಯತ್ಯಾಸದ ಜೊತೆ ಹೊಂದಿಸಬಹುದು ಎಂಬ ಅಂದಾಜು ಅದು. ಒಬ್ಬ ವ್ಯಕ್ತಿಯನ್ನು ಹಿಡಿದು ಸೀಳಿ ಪಾಲು ಹಾಕಲು ಆ ಸಂಖ್ಯೆಗೆ ಬರುವುದಿಲ್ಲ.

ಇನ್ನು ಎಳೆಗಳ ಎಣಿಕೆ. ಬೇಗ ಕಳವಳಪಡುವ ಸ್ವಭಾವದ ಬಗ್ಗೆ 4,49,484 ಜನರ ಮಾಹಿತಿ ಸೇರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ನಮ್ಮ ಜೀನೋಮಿನ 136 ಕಡೆಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಕೂದಲೆಳೆಯಷ್ಟು. ಅಂಜಿಕೆಯ ವಂಶವಾಹಿ, ಧೈರ್ಯದ ವಂಶವಾಹಿ ಎಂಬುವು ಇಲ್ಲ. ಮಕ್ಕಳ ಎಂಜಲು ಪರೀಕ್ಷಿಸಿ ‘ನಾಯಕತ್ವದ ಗುಣ’ ಹೇಳುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಎಳೆಗಳು ಬಹಳ ಎಂದರೆ ಸಾಲದು, ಅವು ಹೇಗೆ ಸೇರುತ್ತವೆ ಎಂಬುದರಲ್ಲೇ ಎಲ್ಲ ಇದೆ. ಜೋಯಿಸರ ಪಟ್ಟಿಯಲ್ಲಿ ಗುಣಗಳು ಕೂಡುತ್ತವೆ: ವರ್ಣಕ್ಕೆ 1, ವಶ್ಯಕ್ಕೆ 2, ಹೀಗೆ ಏರುತ್ತ ನಾಡಿಗೆ 8, ಒಟ್ಟು 36. ಒಂದು ಕಡೆ ಸೊನ್ನೆ ಬಂದರೂ ಉಳಿದವು ಸೇರಿ ಮೊತ್ತ ನಿಲ್ಲುತ್ತದೆ. ಹಗ್ಗದಲ್ಲಿ ಹಾಗಿಲ್ಲ. ಪುಂಡಿ ನಾರಿನ ಹಗ್ಗ ಹೊಸೆಯುವವರ ಕೈ ನೋಡಬೇಕು. ಒಂದೊಂದು ಎಳೆಯನ್ನೂ ಮೊದಲು ಒಂದು ದಿಕ್ಕಿಗೆ ಹುರಿ ಮಾಡುತ್ತಾರೆ, ಆಮೇಲೆ ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ತಿರುಚುತ್ತಾರೆ. ಎಳೆ ಬಿಚ್ಚಿಕೊಳ್ಳಲು ಹೋದರೆ ಹಗ್ಗ ಬಿಗಿಯುತ್ತದೆ, ಹಗ್ಗ ಬಿಚ್ಚಿಕೊಳ್ಳಲು ಹೋದರೆ ಎಳೆ ಬಿಗಿಯುತ್ತದೆ. ಬಲ ಇರುವುದು ಆ ಎದುರುಬದುರು ತಿರುಚಿನಲ್ಲಿ, ಯಾವ ಎಳೆಯಲ್ಲಿ ಎಷ್ಟು ಬಲ ಎಂದು ಆಮೇಲೆ ಬಿಡಿಸಿ ತೂಗಲಾಗದು. ವ್ಯಕ್ತಿತ್ವಕ್ಕೆ ಹುಟ್ಟು ಹೆಚ್ಚೋ ಪರಿಸರ ಹೆಚ್ಚೋ ಎಂದು ಕೇಳಿದವರಿಗೆ ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್, ಆಯತದ ವಿಸ್ತೀರ್ಣಕ್ಕೆ ಉದ್ದ ಹೆಚ್ಚೋ ಅಗಲ ಹೆಚ್ಚೋ ಎಂದು ಮರುಪ್ರಶ್ನೆ ಹಾಕಿದನೆಂದು ಹೇಳುತ್ತಾರೆ. ವಿಸ್ತೀರ್ಣ ಬರುವುದು ಗುಣಾಕಾರದಿಂದ.

ಹಾರ್ಮೋನುಗಳ ಕಥೆಯಲ್ಲಿ ಈ ಗುಣಾಕಾರ ಕಣ್ಣಿಗೆ ಕಟ್ಟುತ್ತದೆ. 1849ರಲ್ಲಿ ಗೊಟಿಂಗೆನ್‌ನ ಆರ್ನಲ್ಡ್ ಬರ್ಟ್‌ಹೋಲ್ಡ್ ಆರು ಎಳೆಯ ಹುಂಜಗಳ ಮೇಲೆ ಪ್ರಯೋಗ ಮಾಡಿದ. ವೃಷಣ ತೆಗೆದ ಹುಂಜಗಳು ಕೂಗಲಿಲ್ಲ, ಕಾದಾಡಲಿಲ್ಲ, ಜುಟ್ಟು ಬಾಡಿತು. ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟಾಗ, ನರದ ಸಂಪರ್ಕವಿಲ್ಲದೆಯೂ, ಹುಂಜತನ ಉಳಿಯಿತು. ರಕ್ತದಲ್ಲಿ ಏನೋ ಹರಿದುಹೋಗಿ ಹೇಳುತ್ತಿದೆ ಎಂದಾಯಿತು. ಆ ‘ಏನೋ’ಗೆ 1905ರ ಜೂನಿನಲ್ಲಿ ಲಂಡನ್ನಿನ ಉಪನ್ಯಾಸವೊಂದರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಹಾರ್ಮೋನ್ ಎಂಬ ಹೆಸರನ್ನು ಬಳಸಿದ. ಗ್ರೀಕ್ ಮೂಲದ ಅದರ ಅರ್ಥ ಕೆರಳಿಸು, ಹೊರಡಿಸು. ಕನ್ನಡದಲ್ಲಿ ರಸದೂತ ಎಂಬ ಒಳ್ಳೆಯ ಹೆಸರೂ ಇದೆ. ದೂತ ಸುದ್ದಿ ತರುತ್ತಾನೆ, ಕೇಳಿಸಿಕೊಳ್ಳಲು ಅಲ್ಲಿ ಯಾರಾದರೂ ಇರಬೇಕಲ್ಲ.

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಾಟಿನ್ಯೊ 1985ರಲ್ಲಿ ವಿಶ್ವವಿದ್ಯಾಲಯಗಳ ಕ್ರೀಡಾಕೂಟಕ್ಕೆ ಜಪಾನಿನ ಕೋಬೆಗೆ ಹೋದರು. ಅಲ್ಲಿನ ಲಿಂಗಪರೀಕ್ಷೆಯಲ್ಲಿ ಅವರ ಕೋಶಗಳಲ್ಲಿ ಎಕ್ಸ್‌ ಜೊತೆ ವೈ ವರ್ಣತಂತು ಕಂಡಿತು. ಅವರ ದೇಹ ಟೆಸ್ಟೋಸ್ಟಿರೋನನ್ನು ತಯಾರಿಸುತ್ತಿತ್ತು. ಆದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕ, ಎಕ್ಸ್ ವರ್ಣತಂತುವಿನ ಮೇಲಿನ ಒಂದು ವಂಶವಾಹಿಯಿಂದ ಬರುವಂಥದ್ದು, ಕೆಲಸ ಮಾಡುತ್ತಿರಲಿಲ್ಲ. ದೂತ ಎಷ್ಟು ಬಂದರೂ ಬಾಗಿಲು ತೆರೆಯುವವರಿಲ್ಲ. ಹೀಗಾಗಿ ಅವರು ಹೆಣ್ಣಾಗಿ ಹುಟ್ಟಿ ಹೆಣ್ಣಾಗಿ ಬೆಳೆದವರು. ಹಾರ್ಮೋನು ಎಷ್ಟೇ ಇರಲಿ, ಗ್ರಾಹಕ ಸೊನ್ನೆಯಾದರೆ ಗುಣಲಬ್ಧ ಸೊನ್ನೆ. ಮರುವರ್ಷ ವಿಷಯ ಪತ್ರಿಕೆಗಳಿಗೆ ಸೋರಿ ಅವರ ದಾಖಲೆಗಳನ್ನು ಅಳಿಸಲಾಯಿತು, ವಿದ್ಯಾರ್ಥಿವೇತನ ಹೋಯಿತು, ಮದುವೆಯಾಗಬೇಕಿದ್ದವನೂ ಬಿಟ್ಟುಹೋದ. ಅವರು ಬಿಡದೆ ಹೋರಾಡಿ 1988ರಲ್ಲಿ ಮತ್ತೆ ಓಡುವ ಹಕ್ಕು ಪಡೆದರು. ಒಂದು ಎಳೆಯನ್ನು ಮಾತ್ರ ನೋಡಿ ಇಡೀ ಹಗ್ಗದ ಬಗ್ಗೆ ತೀರ್ಪು ಕೊಟ್ಟವರು ಒಬ್ಬ ಹೆಣ್ಣುಮಗಳ ಅತ್ಯುತ್ತಮ ವರ್ಷಗಳನ್ನು ಕಿತ್ತುಕೊಂಡರು.

ಟೆಸ್ಟೋಸ್ಟಿರೋನ್ ಅಂದರೆ ರೋಷ, ಜಗಳ, ಗಂಡಸಿನ ದರ್ಪ ಎಂಬುದು ಊರಿಗೆಲ್ಲ ಗೊತ್ತಿರುವ ಮಾತು. ಜ್ಯೂರಿಕ್‌ನಲ್ಲಿ 121 ಹೆಂಗಸರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವರಿಗೆ ಈ ಹಾರ್ಮೋನು, ಕೆಲವರಿಗೆ ಬರೀ ತೋರಿಕೆಯ ಮದ್ದು ಕೊಟ್ಟು, ದುಡ್ಡು ಹಂಚಿಕೊಳ್ಳುವ ಆಟ ಆಡಿಸಿದರು. ಯಾರಿಗೆ ಯಾವುದು ಎಂದು ಹೇಳಲಿಲ್ಲ. ಹಾರ್ಮೋನು ಪಡೆದವರು ಹೆಚ್ಚು ನ್ಯಾಯವಾಗಿ ಪಾಲು ಕೊಟ್ಟರು. ಪಡೆದಿದ್ದೇವೆ ಎಂದು ನಂಬಿಕೊಂಡವರು, ನಿಜವಾಗಿ ಏನೇ ಪಡೆದಿರಲಿ, ಹೆಚ್ಚು ಅನ್ಯಾಯ ಮಾಡಿದರು. ರಸ ಮಾಡದ ಕೆಟ್ಟದ್ದನ್ನು ಅದರ ಹೆಸರು ಮಾಡಿಸಿತು. ‘ನನ್ನ ಗುಣವೇ ಹೀಗೆ’ ಎಂದು ಹೇಳಿಕೊಳ್ಳುತ್ತಲೇ ಆ ಗುಣವನ್ನು ಬೆಳೆಸಿಕೊಂಡವರನ್ನು ನಾವೆಲ್ಲ ಕಂಡಿದ್ದೇವೆ.

ನಡವಳಿಕೆಯೂ ಹಾರ್ಮೋನನ್ನು ತಿರುಚುತ್ತದೆ. ಫಿಲಿಪ್ಪೀನ್ಸಿನ ಸೆಬು ಊರಿನ 624 ಯುವಕರನ್ನು ನಾಲ್ಕೂವರೆ ವರ್ಷ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಹೊರಬಂತು. ಮೊದಲು ಟೆಸ್ಟೋಸ್ಟಿರೋನ್ ಹೆಚ್ಚಿದ್ದವರೇ ಮುಂದೆ ಹೆಚ್ಚಾಗಿ ಮದುವೆಯಾಗಿ ಅಪ್ಪಂದಿರಾದರು. ಅಪ್ಪಂದಿರಾದ ಮೇಲೆ ಅವರಲ್ಲೇ ಅದು ಜೋರಾಗಿ ಇಳಿಯಿತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಮಗುವಿನ ಆರೈಕೆ ಮಾಡುವ ಅಪ್ಪಂದಿರಲ್ಲಿ, ಆರೈಕೆಗೆ ಕೈ ಹಾಕದ ಅಪ್ಪಂದಿರಿಗಿಂತ ಕಡಿಮೆ ಇತ್ತು. ಮಗುವನ್ನು ಎತ್ತಿ ಆಡಿಸುವುದು ಹೆಂಗಸರ ಹುಟ್ಟುಗುಣ ಎನ್ನುವವರು ಈ ಅಧ್ಯಯನವನ್ನು ಒಮ್ಮೆ ಓದಬೇಕು. ಗಂಡಸಿನ ಮೈಯೂ ಆ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ.

‘ಪ್ರೀತಿಯ ಹಾರ್ಮೋನು’ ಎಂದು ಹೆಸರಾದ ಆಕ್ಸಿಟೋಸಿನ್ ವಿಷಯದಲ್ಲೂ ಇಂಥದೇ ಪಾಠವಾಗಿದೆ. ಜೀವನಪೂರ್ತಿ ಜೋಡಿಯಾಗಿ ಬಾಳುವ ಅಮೆರಿಕದ ಹುಲ್ಲುಗಾವಲಿನ ಇಲಿಗಳ ಒಲವಿಗೆ ಅದೇ ಕಾರಣ ಎಂದು ದಶಕಗಳ ಕಾಲ ಬರೆದರು. 2023ರಲ್ಲಿ ಆಕ್ಸಿಟೋಸಿನ್ ಗ್ರಾಹಕದ ವಂಶವಾಹಿಯನ್ನೇ ತೆಗೆದು ಇಲಿಗಳನ್ನು ಬೆಳೆಸಿದರೆ, ಅವೂ ಜೋಡಿ ಕಟ್ಟಿದವು. ಇಲ್ಲಿ ಒಂದು ಸೊನ್ನೆ ಗುಣಲಬ್ಧವನ್ನು ಅಳಿಸಲಿಲ್ಲ, ಒಂದು ಎಳೆ ಹೋದರೂ ಮಿಕ್ಕವು ಹಿಡಿದುಕೊಂಡವು.

ಬೇರೆ ಬೇರೆ ಎಳೆಗಳು ಸೇರಿ ಕೆಡುಕಾಗುವುದೂ ಉಂಟು. 1993ರಲ್ಲಿ ನೆದರ್ಲೆಂಡ್ಸಿನ ಒಂದು ಕುಟುಂಬದ ಹಲವು ಗಂಡಸರಲ್ಲಿ ಎಂಎಓಎ ಎಂಬ ವಂಶವಾಹಿ ಪೂರ್ತಿ ಕೆಟ್ಟಿದ್ದು, ಅವರು ತಡೆಯಿಲ್ಲದೆ ಕೆರಳುತ್ತಿದ್ದರೆಂದು ಹಾನ್ ಬ್ರೂನರ್ ವರದಿ ಮಾಡಿದ. ಆಮೇಲೆ ಅದೇ ವಂಶವಾಹಿಯ ಮಂದಗತಿಯ ರೂಪಕ್ಕೆ ‘ಯೋಧ ಜೀನ್’ ಎಂಬ ಹೆಸರು ಕಟ್ಟಿದರು. ಈ ರೂಪ ಕೋಟ್ಯಂತರ ಸಾಧಾರಣ ಮನುಷ್ಯರಲ್ಲಿದೆ. ನ್ಯೂಜಿಲೆಂಡಿನ ಡನಿಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ಬೆಳೆದ ಹಾಗೆ ಗಮನಿಸುತ್ತ ಬಂದ ಕ್ಯಾಸ್ಪಿ, ಮಾಫಿಟ್ ಎಂಬ ಸಂಶೋಧಕ ದಂಪತಿ 2002ರಲ್ಲಿ ಕಂಡದ್ದು ಬೇರೆಯೇ. ಮಂದಗತಿಯ ರೂಪವಿದ್ದೂ ಅಕ್ಕರೆಯಿಂದ ಬೆಳೆದ ಹುಡುಗರು ಉಳಿದವರಂತೆಯೇ ಇದ್ದರು. ಅದರ ಜೊತೆ ಬಾಲ್ಯದಲ್ಲಿ ಏಟು, ಹಿಂಸೆ ಸೇರಿದಾಗ ಮಾತ್ರ ಮುಂದೆ ಹಿಂಸೆಗಿಳಿಯುವ ಸಂಭವ ಎದ್ದು ಕಾಣುವಷ್ಟು ಏರಿತು. ನಂತರದ ಅಧ್ಯಯನಗಳಲ್ಲಿ ಕೆಲವು ಇದನ್ನು ಒಪ್ಪಿದವು, ಕೆಲವು ಒಪ್ಪಲಿಲ್ಲ. ನನಗೆ ಇಷ್ಟಂತೂ ಸ್ಪಷ್ಟ: ಈ ಲೆಕ್ಕದ ಎರಡು ಸಂಖ್ಯೆಗಳಲ್ಲಿ ನಮ್ಮ ಕೈಯಲ್ಲಿರುವುದು ಎರಡನೆಯದು. ಮಗುವಿನ ಬೆನ್ನಿನ ಮೇಲಿನ ಬೆತ್ತವನ್ನು ಇಂದೇ ಕೆಳಗಿಡಬಹುದು.

ಕೊನೆಗೆ ಆಸ್ಪತ್ರೆಯ ಗುಣಕ್ಕೆ ಬರೋಣ. ಮರಾಠಿಯಲ್ಲಿ ಮದ್ದಿಗೆ ಗುಣ ಬರುತ್ತದೆ. ಕನ್ನಡ, ತಮಿಳುಗಳಲ್ಲಿ ಕಾಯಿಲೆಯೇ ಗುಣವಾಗುತ್ತದೆ, ರೋಗಿ ಗುಣಮುಖನಾಗುತ್ತಾನೆ. ಮೂಲಿಕೆ ತನ್ನ ಗುಣ ತೋರಿಸಿತು ಎಂಬುದೇ ಕ್ರಮೇಣ ಕಾಯಿಲೆ ಗುಣವಾಯಿತು ಎಂದಾಗಿರಬೇಕೆಂದು ನನಗೆ ತೋರುತ್ತದೆ. ಹುಟ್ಟುಗುಣದ ಗುಣಕ್ಕೂ ಗುಣವಾಗುವುದಕ್ಕೂ ನಡುವೆ ಇದ್ದ ಗೋಡೆಯನ್ನು ಥೈರಾಯ್ಡ್ ಗ್ರಂಥಿ ಕೆಡವಿತು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ ಬಳಿ ನಲವತ್ತಾರರ ಒಬ್ಬ ಹೆಂಗಸು ಬಂದಿದ್ದರು. ಮುಖ ಊದಿದೆ, ಮಾತು ನಿಧಾನ, ಮೈಯಲ್ಲಿ ಜಡ, ಹೊಸಬರನ್ನು ಕಾಣಲು ಮನಸ್ಸೇ ಇಲ್ಲ. ನಮ್ಮ ಕಡೆಯಾಗಿದ್ದರೆ ಸೋಮಾರಿ, ಮುಂಗೋಪಿ, ಜನ ಸೇರದವಳು ಎಂದು ಗುಣಕ್ಕೆ ಹೆಸರಿಟ್ಟು ಕೈಬಿಡುತ್ತಿದ್ದರು. ಮರ್ರೆ ಕುರಿಯ ಥೈರಾಯ್ಡಿನ ಸಾರ ತೆಗೆದು ಚುಚ್ಚಿದ. ಕೆಲವೇ ತಿಂಗಳಲ್ಲಿ ಆಕೆ ಚುರುಕಾದರು, ಜನರ ಜೊತೆ ಬೆರೆತರು, ಇನ್ನೂ 28 ವರ್ಷ ಬಾಳಿದರು.

ಹುಟ್ಟಿನಿಂದಲೇ ಥೈರಾಯ್ಡ್ ಕೆಲಸ ಮಾಡದ ಶಿಶುಗಳಿವೆ. ನಮ್ಮ ದೇಶದಲ್ಲಿ ಹುಟ್ಟುವ ಸಾವಿರ ಮಕ್ಕಳಿಗೆ ಹೆಚ್ಚುಕಡಿಮೆ ಒಂದು. ಮೊದಲ ವಾರಗಳಲ್ಲಿ ಹೊರಗೆ ಕಾಯಿಲೆಯೆಂದು ತೋರುವಂಥದ್ದು ಹೆಚ್ಚೇನೂ ಕಾಣುವುದಿಲ್ಲ. ಮಗು ಹೆಚ್ಚು ಅಳುವುದಿಲ್ಲ, ಬಹಳ ನಿದ್ದೆ ಮಾಡುತ್ತದೆ, ‘ಎಷ್ಟು ಸಾಧು ಗುಣ’ ಎಂದು ಮನೆಯವರು ಮೆಚ್ಚಿಕೊಳ್ಳುವುದೂ ಇದೆ. ಗೊತ್ತಾಗುವ ಹೊತ್ತಿಗೆ ಮಿದುಳಿನ ಬೆಳವಣಿಗೆ ಕುಂಠಿತವಾಗಿರುತ್ತದೆ, ಆಮೇಲೆ ಆ ನಷ್ಟ ತುಂಬಿಬರುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲೇ ಜಾನ್ ಡ್ಯೂಸೋ ಎಲ್ಲ ಶಿಶುಗಳ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸಿ ಇದನ್ನು ಪತ್ತೆಹಚ್ಚುವ ವ್ಯವಸ್ಥೆ ಕಟ್ಟಿದರು. ಇಂಥ ಪರೀಕ್ಷೆ ಭಾರತದ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಇನ್ನೂ ಕಡ್ಡಾಯವಾಗಿಲ್ಲ. ಬಾಣಂತಿಯನ್ನು ಮನೆಗೆ ಕರೆತರುವ ಮುಂಚೆ ಕೇಳಿ ಮಾಡಿಸಿಕೊಳ್ಳಬೇಕು. ಹುಟ್ಟಿದ ಎರಡು ವಾರದೊಳಗೆ ಥೈರಾಕ್ಸಿನ್ ಮಾತ್ರೆ ಶುರುವಾದರೆ ಆ ಮಗು ಓರಗೆಯವರಂತೆಯೇ ಬೆಳೆದು, ಹಟ ಹಿಡಿದು, ಅಪ್ಪನ ಗುಣ ಎನ್ನಿಸಿಕೊಳ್ಳುತ್ತದೆ.